ಹೋರಿಗಳ ನಾಡಿನಲ್ಲಿ ಹೊಗೆಯ ಕುದುರೆ

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಸಾಗುವ ಹೆದ್ದಾರಿಯಲ್ಲಿ ತೆಂಕಣಕ್ಕೆ ಹೊರಟ ಪ್ರವಾಸಿಕರು ಹೆಚ್ಚು ಹೊತ್ತು ಕಳೆಯುವ ಮೊದಲೇ ಹಾವೇರಿ ಜಿಲ್ಲೆಯ ಎಲ್ಲೆಯನ್ನು ಹೊಗುತ್ತಾರೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ಸೀಮೆಯು ಮಲೆನಾಡೂ ಅಲ್ಲ, ಪೂರ್ಣವಾಗಿ ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಹಾನಗಲ್ಲಿನ ಕಡೆಗೆ ನಡೆದಂತೆ ನೆಲವು ಕೆಂಪಾಗುತ್ತದೆ. ಕೆರೆಗಳೂ ಗದ್ದೆಗಳೂ ಮಾವಿನ ತೋಪುಗಳೂ ಕಣ್ಣಿಗೆ ತಂಪನ್ನೀಯುತ್ತವೆ. ಮೂಡಣಕ್ಕೆ ಸವಣೂರಿನ ಕಡೆಗೆ ಹೊರಳಿದರೆ ಕರಿಯ ಎರೆಮಣ್ಣು, ಹತ್ತಿ ಜೋಳಗಳ ಬಯಲು, ಬೇಸಗೆಯಲ್ಲಿ ಮೊಣಕಾಲಿನವರೆಗೆ ಏಳುವ ಧೂಳು. ತೆಂಕಣದ ಹಿರೇಕೆರೂರಿನಲ್ಲಿ ಎರಡೂ ಬಗೆಯ ನೆಲ ಒಂದನ್ನೊಂದು ಸಂಧಿಸುತ್ತವೆ. ಇಂತಹ ನೆಲದ ಮೇಲೆ ಬಂಡಿಯ ಜಾಡಿನಲ್ಲಿ ಓಡುವುದೆಂದರೆ ಪ್ರಾಣಿಗಾಗಲಿ ಯಂತ್ರಕ್ಕಾಗಲಿ ಸುಲಭದ ಮಾತಲ್ಲ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಬಿರಿದು, ಬಂಡಿಯ ಕೊರಕಲುಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ.

ಈ ಜಾಡುಗಳಲ್ಲಿ ಕೆಲವು ದಶಕಗಳ ಕಾಲ ಒಂದು ವಿಶಿಷ್ಟವಾದ ಸದ್ದು ಕೇಳಿಬರುತ್ತಿತ್ತು. ಎರಡು ಹೊಡೆತದ ಎಂಜಿನ್ನಿನ, ಎಂದರೆ ಜನರ ಬಾಯಲ್ಲಿ ‘ಟೂ ಸ್ಟ್ರೋಕ್’ ಎನಿಸಿಕೊಂಡ ಮೋಟಾರು ಸೈಕಲ್ಲಿನ ಸದ್ದು ಅದು. ಸವಾರನು ಊರ ಹೊರಗಿನ ಕೆರೆಯ ಏರಿಯನ್ನು ಹತ್ತುವಾಗಲೇ ಮನೆಯವರು, ‘ಬಂದರು’ ಎಂದು ಒಲೆಯ ಮೇಲೆ ಚಹದ ನೀರನ್ನಿಡುವಷ್ಟು ಪರಿಚಿತವಾದ ಸದ್ದು. ಅದೇ ಸದ್ದು ನೂರ್ಮಡಿಯಾಗಿ ಯುರೋಪು ಅಮೆರಿಕಗಳ ಗುಡ್ಡಗಳಲ್ಲಿ ಮೋಟೋಕ್ರಾಸ್ ಎಂಬ ಪಂದ್ಯದ ಗರ್ಜನೆಯಾಗಿತ್ತು. ಅಲ್ಲಿ 500 ಸಿ.ಸಿ. ವರ್ಗದ ಭಾರಿ ಯಂತ್ರಗಳು ಇಪ್ಪತ್ತೇಳು ವರ್ಷ ಕಾಲ ಎದುರಾಳಿಗಳಿಲ್ಲದೆ ಮೆರೆದು, ಬಳಿಕ ಹತ್ತು ಹನ್ನೆರಡು ವರ್ಷಗಳಲ್ಲಿ ಕಣ್ಮರೆಯಾದವು. ಎಲ್ಲಿಯ ಮೋಟೋಕ್ರಾಸ್, ಎಲ್ಲಿಯ ಹಾನಗಲ್ಲು ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಬಲಿಷ್ಠವಾದುದೊಂದು ಏರುವುದು ಹೇಗೆ, ಇಳಿಯುವುದು ಏಕೆ ಎಂಬುದನ್ನು ಅರಿಯಬೇಕೆನ್ನುವವರಿಗೆ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ಈ ಹಾದಿಯು ಪುಸ್ತಕಕ್ಕಿಂತ ಹೆಚ್ಚಿನ ನೆರವನ್ನು ನೀಡುತ್ತದೆ.

ಶಿಗ್ಗಾವಿ: ಯಂತ್ರದ ಒಗಟು

ಶಿಗ್ಗಾವಿ ತಾಲ್ಲೂಕೆಂದೊಡನೆ ಕನ್ನಡಿಗರ ನೆನಪಿಗೆ ಬರುವುವು ಎರಡು ಊರುಗಳು. ಒಂದು, ಕನಕದಾಸರು ಹುಟ್ಟಿದ ಬಾಡ. ಮತ್ತೊಂದು, ಶರೀಫ ಸಾಹೇಬರ ಶಿಶುನಾಳ. ಹೆದ್ದಾರಿಯ ಮಗ್ಗುಲಿನ ಗೋಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇದೆ. 1819ರಿಂದ 1889ರ ವರೆಗೆ ಬಾಳಿದ ಶರೀಫರು ತಮ್ಮ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ಕಂಡು, ಅದರ ಚಕ್ರ ಪಟ್ಟಿಗಳಲ್ಲಿ ಮನುಷ್ಯನ ದೇಹವನ್ನೇ ಕಂಡಂತೆ ತತ್ವಪದವನ್ನು ಹಾಡಿದವರು. ಯಂತ್ರವನ್ನು ಕಂಡು ಬೆದರದೆ, ಅದರೊಳಗಿನ ಉಸಿರಾಟವನ್ನು ಅರಿತುಕೊಳ್ಳುವ ಈ ಬಗೆಯ ಕುತೂಹಲ ಈ ಸೀಮೆಯ ಜನದಲ್ಲಿ ಇಂದಿಗೂ ಮಾಸಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಗ್ಯಾರೇಜುಗಳ ಸಾಲನ್ನು ಕಂಡವರಿಗೆ ಇದು ತಿಳಿಯದಿರದು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗನೊಬ್ಬನು ಎಂಜಿನ್ನಿಗೆ ಕಿವಿಗೊಟ್ಟು, ರೋಗವಿಂತಹುದೆಂದು ಹೇಳಬಲ್ಲನು.

ಎರಡು ಹೊಡೆತದ ಎಂಜಿನ್ನು ಅಂತಹ ಹುಡುಗನ ಮೊದಲ ಪಾಠವಾಗಿತ್ತು. ಅದರ ರಚನೆ ಅಷ್ಟು ಸರಳ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನು ಉಸಿರನ್ನೆಳೆದುಕೊಂಡು, ಒತ್ತಿ, ಉರಿಸಿ, ಹೊಗೆಯನ್ನು ಹೊರದೂಡಲು ನಾಲ್ಕು ಸಲ ಮೇಲಕ್ಕೂ ಕೆಳಕ್ಕೂ ಹೋಗಬೇಕು. ಆದುದರಿಂದ ಎರಡು ಸುತ್ತಿಗೆ ಒಮ್ಮೆ ಮಾತ್ರ ಅದಕ್ಕೆ ಬಲ ಹುಟ್ಟುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಸಲ ಉರಿ, ಒಂದು ಸಲ ಬಲ. ಬಾಗಿಲನ್ನು ತೆರೆದು ಮುಚ್ಚುವ ವಾಲ್ವುಗಳು, ಅವನ್ನು ಎತ್ತುವ ಕ್ಯಾಮುಗಳು, ಅವುಗಳ ಸರಪಳಿ, ಇದಾವುದೂ ಅದಕ್ಕೆ ಬೇಡ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಭಾರ ಕಡಮೆ, ಬೆಲೆ ಕಡಮೆ, ಬಲ ಹೆಚ್ಚು. ಕೆಟ್ಟರೆ ಪಿಸ್ಟನ್ನನ್ನೂ ಅದರ ಉಂಗುರಗಳನ್ನೂ ಬದಲಿಸಿ, ಸಂಜೆಯ ಹೊತ್ತಿಗೆ ಮತ್ತೆ ರಸ್ತೆಗಿಳಿಸಬಹುದು.

ಆದರೆ ಈ ಸರಳತೆಗೆ ಒಂದು ಬೆಲೆಯಿತ್ತು. ಒಂದೇ ಬಾಯಲ್ಲಿ ಉಣ್ಣುತ್ತಲೇ ಉಗುಳುವವನಂತೆ ಈ ಎಂಜಿನ್ನು ಹಳೆಯ ಹೊಗೆಯನ್ನು ಹೊರಗಟ್ಟುವಾಗ ಹೊಸ ಪೆಟ್ರೋಲಿನ ಒಂದು ಭಾಗವನ್ನೂ ಉರಿಸದೆಯೇ ಹೊರಕ್ಕೆ ಬಿಡುತ್ತದೆ. ಒಳಗಿನ ಭಾಗಗಳು ಸವೆಯದಿರಲೆಂದು ಪೆಟ್ರೋಲಿನೊಡನೆ ಬೆರೆಸುವ ಎಣ್ಣೆಯೂ ಉರಿದು ನೀಲಿಯ ಹೊಗೆಯಾಗುತ್ತದೆ. ಹೆಚ್ಚು ಪೆಟ್ರೋಲನ್ನು ಕುಡಿಯುವುದೂ, ಹಿಂದೆ ಬರುವವರಿಗೆ ಹೊಗೆಯನ್ನು ಕುಡಿಸುವುದೂ ಅದರ ಹುಟ್ಟುಗುಣಗಳು. ಮೆಚ್ಚಿದವರು ಆ ವಾಸನೆಯನ್ನೂ ಮೆಚ್ಚಿದರು. ಮೆಚ್ಚದವರು ಸೆರಗಿನಿಂದ ಮೂಗನ್ನು ಮುಚ್ಚಿಕೊಂಡರು. ಇಬ್ಬರಲ್ಲಿ ಯಾರದೂ ಸುಳ್ಳಲ್ಲ.

ಕನ್ನಡ ನಾಡಿನಲ್ಲಿ ಈ ಯಂತ್ರಕ್ಕೆ ತವರುಮನೆಯಾದುದು ಮೈಸೂರು. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಸಂಸ್ಥೆಯು 1961ರಿಂದ ಅಲ್ಲಿ ಜಾವಾ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. 250 ಸಿ.ಸಿ. ವರ್ಗದ ಒಂದೇ ಸಿಲಿಂಡರು. ಆದರೆ ಹೊಗೆ ಹೋಗಲು ಎರಡು ಕೊಳವೆಗಳು. ಚಾಲೂ ಮಾಡಲು ಒದೆಯುವ ಕೋಲನ್ನೇ ಮುಂದಕ್ಕೆ ಹೊರಳಿಸಿದರೆ ಅದು ಗೇರು ಬದಲಿಸುವ ಕೋಲೂ ಆಗುತ್ತಿದ್ದಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ದಿ ಎಂಬ ಹೆಸರು ಬಂದಿತು. ಮೈಸೂರಿನಿಂದ ಹೊರಟ ಈ ಗಾಡಿಗಳು ಉತ್ತರದ ಎರೆನೆಲಕ್ಕೂ ಬಂದು, ಹಾಲಿನ ಕ್ಯಾನುಗಳನ್ನೂ ಗೊಬ್ಬರದ ಚೀಲಗಳನ್ನೂ ಹೊತ್ತವು. ಹೊಸ ಮದುಮಕ್ಕಳನ್ನೂ ಹೊತ್ತವು.

ಸವಣೂರು: ಪರದೇಶದ ಬೇರು

ಶಿಗ್ಗಾವಿಯಿಂದ ಮೂಡಣಕ್ಕೆ ತಿರುಗಿದರೆ ಸವಣೂರು. ನವಾಬರ ಸಂಸ್ಥಾನವಾಗಿದ್ದ ಊರು. ಸತ್ಯಬೋಧ ಸ್ವಾಮಿಗಳ ಮಠವಿರುವ ಊರು. 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರು. ಇಲ್ಲಿಯ ವೀಳೆಯದೆಲೆಯೂ ಖಾರವೂ ನಾಡಿನಲ್ಲಿ ಹೆಸರಾದುವು. ಆದರೆ ಹೊರಗಿನವರು ನೋಡಲೇಬೇಕಾದುದು ಇಲ್ಲಿಯ ಕಲ್ಮಠದ ಆವರಣದ ಮೂರು ದೊಡ್ಡ ಹುಣಸೆಯ ಮರಗಳನ್ನು. ಹೆಸರು ಹುಣಸೆಯಾದರೂ ಅವು ಹುಣಸೆಯಲ್ಲ; ಆಫ್ರಿಕ ಖಂಡದ ಬಾವೊಬಾಬ್ ಜಾತಿಯ ಮರಗಳು. ಹಲವು ಆಳುಗಳು ಕೈಗೆ ಕೈ ಕೊಟ್ಟು ನಿಂತರೂ ತಬ್ಬಲಾಗದ ಕಾಂಡ, ಆನೆಯ ಕಾಲಿನಂತಹ ಬುಡ. ಯಾವ ಕಾಲದಲ್ಲಿ ಯಾರ ಕೈಯಿಂದ ಬಂದು ಇಲ್ಲಿ ಬೇರೂರಿದವಾದರೂ, ಇಂದು ಅವನ್ನು ಪರದೇಶದವೆನ್ನಲು ಸವಣೂರಿನ ಜನ ಒಪ್ಪಲಾರರು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಹಿತ ಉರುಳಿತು. ಜನ ಅದನ್ನು ಕಡಿದು ಸೌದೆ ಮಾಡಲಿಲ್ಲ. ಬಲ್ಲವರನ್ನು ಕರೆಸಿ, ಯಂತ್ರಗಳಿಂದ ಎತ್ತಿಸಿ, ಮತ್ತೆ ನೆಲದಲ್ಲಿ ನಿಲ್ಲಿಸಿದರು.

ಜಾವಾ ಮೋಟಾರು ಸೈಕಲ್ಲಿನ ಕಥೆಯೂ ಇಂತಹುದೇ. ಅದರ ಮೂಲ ಬೇರು ಇದ್ದುದು ಚೆಕೊಸ್ಲೊವಾಕಿಯದಲ್ಲಿ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಕೈಗೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟನು. ಅದೇ ದೇಶದ ಸ್ಟ್ರಾಕೊನಿತ್ಸೆ ಎಂಬ ಊರಿನಲ್ಲಿ ಸಿ.ಝಡ್. ಎಂಬ ಇನ್ನೊಂದು ಕಾರ್ಖಾನೆಯಿತ್ತು. ಎರಡನೆಯ ಮಹಾಯುದ್ಧದ ತರುವಾಯ ಎರಡೂ ಸರಕಾರದ ವಶವಾಗಿ ಒಡಹುಟ್ಟಿದವರಂತೆ ಬಾಳಿದವು. ಮೈಸೂರಿಗೆ ಬಂದುದು ಜಾವಾ. ಜಗತ್ತಿನ ಮೋಟೋಕ್ರಾಸಿನ ಇತಿಹಾಸವನ್ನು ತಿರುಗಿಸಿದುದು ಸಿ.ಝಡ್.

ಮೋಟೋಕ್ರಾಸ್ ಎಂದರೆ ರಸ್ತೆಯಿಲ್ಲದ ನೆಲದ ಮೇಲೆ, ದಿಣ್ಣೆ, ಕೊರಕಲು, ಕೆಸರುಗಳನ್ನು ಹಾರುತ್ತ ದಾಟುತ್ತ ನಡೆಸುವ ಪಂದ್ಯ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಒಂದು ಸ್ಪರ್ಧೆಯಿಂದ ಅದರ ಇತಿಹಾಸವನ್ನು ಎಣಿಸುವುದು ವಾಡಿಕೆ. 1952ರಲ್ಲಿ 500 ಸಿ.ಸಿ. ವರ್ಗಕ್ಕೆ ಯುರೋಪಿನ ಚಾಂಪಿಯನ್ ಪಟ್ಟವೂ, 1957ರಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ಆರಂಭವಾದವು. ಆಗಿನ ದಿನಗಳಲ್ಲಿ ದೊಡ್ಡ ವರ್ಗವೆಲ್ಲ ನಾಲ್ಕು ಹೊಡೆತದ ಭಾರಿ ಯಂತ್ರಗಳ ಸ್ವತ್ತು. ಎರಡು ಹೊಡೆತದ ಯಂತ್ರವೆಂದರೆ ಬಡವರ ಪೇಟೆಯ ಗಾಡಿ ಎಂಬ ತಾತ್ಸಾರ. ಹೀಗಿರಲು 1966ರಲ್ಲಿ ಪೂರ್ವ ಜರ್ಮನಿಯ ಪಾವ್ಲ್ ಫ್ರೀಡ್ರಿಕ್ಸ್ ಎಂಬ ಸವಾರನು ಸಿ.ಝಡ್. ಯಂತ್ರವನ್ನೇರಿ ಬಂದನು. ಅವನ ಎಂಜಿನ್ನಿನ ಗಾತ್ರ ವರ್ಗದ ಮಿತಿಗಿಂತ ಬಹಳ ಚಿಕ್ಕದು. ಆದರೆ ಮೈಭಾರವೂ ಹಗುರ. ಭಾರದ ಯಂತ್ರಗಳು ಕೆಸರಿನಲ್ಲಿ ಹೂತಾಗ ಅದು ಮೇಲೆ ಮೇಲೆಯೇ ಹಾರಿ ಹೋಯಿತು. 500 ಸಿ.ಸಿ. ವರ್ಗದ ವಿಶ್ವ ಪಟ್ಟವನ್ನು ಎರಡು ಹೊಡೆತದ ಯಂತ್ರವೊಂದು ಗೆದ್ದುದು ಅದೇ ಮೊದಲು. 1967, 1968ರಲ್ಲಿಯೂ ಆತನೇ ಗೆದ್ದನು. ಅಂದಿನಿಂದ 1992ರ ವರೆಗೆ ಒಂದು ವರ್ಷವೂ ತಪ್ಪದೆ ಆ ಪಟ್ಟ ಎರಡು ಹೊಡೆತದ ಯಂತ್ರದ ತಲೆಯ ಮೇಲೆಯೇ ಉಳಿಯಿತು. ಮೈಸೂರಿನ ಜಾವಾದ ಸವಾರನು ಸವಣೂರಿನ ಬಂಡಿಯ ಜಾಡಿನಲ್ಲಿ ಹೋಗುತ್ತಿದ್ದ ಕಾಲಕ್ಕೆ, ಅವನ ಗಾಡಿಯ ದಾಯಾದಿಯೊಂದು ಜಗತ್ತನ್ನೇ ಗೆಲ್ಲುತ್ತಿತ್ತೆಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ!

ಹಾನಗಲ್ಲು: ಉತ್ತರಕುಮಾರನ ಸಂಕಟ

ಸವಣೂರಿನಿಂದ ಹಾನಗಲ್ಲಿಗೆ ಹೋಗುವವರು ಹೆದ್ದಾರಿಯನ್ನು ಮತ್ತೆ ದಾಟಿ ಬಂಕಾಪುರದ ಮೇಲೆ ಸಾಗಬೇಕು. ಬಂಕಾಪುರದ ಕೋಟೆಯಲ್ಲಿ ಚಾಲುಕ್ಯರ ಕಾಲದ ನಗರೇಶ್ವರ ದೇಗುಲವಿದೆ, ನವಿಲುಗಳ ಧಾಮವಿದೆ, ಖಿಲಾರಿ ದನಗಳ ತಳಿಯನ್ನು ಬೆಳೆಸುವ ಸರಕಾರಿ ಕೇಂದ್ರವೂ ಇದೆ. ನೀಳವಾದ ಕೊಂಬು, ಬಿಳಿಯ ಮೈ, ಬಿಲ್ಲಿನಂತೆ ಬಿಗಿದ ಬೆನ್ನು. ಖಿಲಾರಿ ಎತ್ತು ಓಟಕ್ಕೂ ದುಡಿಮೆಗೂ ಸಮನಾಗಿ ಹೆಸರಾದುದು. ಪಡುವಣಕ್ಕೆ ಹೋದಂತೆ ವರದಾ ನದಿಯ ಬಯಲು, ಧರ್ಮಾ ನದಿಯ ಕಾಲುವೆ, ಭತ್ತದ ಗದ್ದೆ, ಆಮೇಲೆ ಹಾನಗಲ್ಲು.

ಶಾಸನಗಳ ಪಾನುಂಗಲ್ಲು ಇದೇ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಕದಂಬರ ಒಂದು ಶಾಖೆಯು ಇಲ್ಲಿಂದ ಆಳಿತು. ತಾರಕೇಶ್ವರ ದೇಗುಲದ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ, ಕಲ್ಲಿನ ಕಮಲವೊಂದು ಮೇಲಿನಿಂದ ಕೆಳಮುಖವಾಗಿ ಅರಳಿ ನಿಂತಿದೆ. ಆದರೆ ಜನರ ನಂಬಿಕೆಯಲ್ಲಿ ಹಾನಗಲ್ಲು ಇನ್ನೂ ಹಳೆಯ ಊರು. ಪಾಂಡವರು ಅಜ್ಞಾತವಾಸವನ್ನು ಕಳೆದ ವಿರಾಟನಗರ. ಕೌರವರು ಗೋವುಗಳನ್ನು ಹಿಡಿದಾಗ ಅಂತಃಪುರದಲ್ಲಿ ಪೌರುಷವನ್ನು ಕೊಚ್ಚಿಕೊಂಡ ಉತ್ತರಕುಮಾರನು, ರಣರಂಗದಲ್ಲಿ ರಥದಿಂದ ಧುಮುಕಿ ಓಡಿದ ಕಥೆಯನ್ನು ಅರಿಯದ ಕನ್ನಡಿಗರಾರು? ರಥವೂ ಕುದುರೆಗಳೂ ಅವೇ ಇದ್ದವು. ಹಿಡಿಯುವ ಕೈ ಬದಲಾದಾಗ, ಬೃಹನ್ನಳೆಯ ವೇಷದ ಅರ್ಜುನನು ಬಿಲ್ಲನ್ನು ಹಿಡಿದಾಗ, ಯುದ್ಧದ ಗತಿಯೇ ಬದಲಾಯಿತು.

ಭಾರಿ ಎರಡು ಹೊಡೆತದ ಯಂತ್ರಗಳ ಕಥೆಯನ್ನು ಹೇಳಲು ಇದಕ್ಕಿಂತ ಹೊಂದುವ ಉಪಮೆ ದೊರೆಯದು. 1970ರ ದಶಕದಲ್ಲಿ ಜಪಾನಿನ ಕಂಪನಿಗಳು ಈ ಪಂದ್ಯಕ್ಕಿಳಿದವು. ಬೆಲ್ಜಿಯಮ್ಮಿನ ರೋಜರ್ ಡಿ ಕೋಸ್ಟರನು ಸುಜುಕಿಯನ್ನೇರಿ 1971, 1972, 1973, 1975, 1976ರಲ್ಲಿ, ಎಂದರೆ ಐದು ಸಲ 500 ಸಿ.ಸಿ. ಪಟ್ಟವನ್ನು ಗೆದ್ದನು. ತರುವಾಯದ ಪೈಪೋಟಿಯಲ್ಲಿ ಎಂಜಿನ್ನುಗಳು ಉಬ್ಬುತ್ತ ಹೋದವು. 1984ರಲ್ಲಿ ಬಂದ ಹೋಂಡಾದ ಸಿ.ಆರ್. 500 ಯಂತ್ರದ ಗಾತ್ರ 491 ಸಿ.ಸಿ.; ಕವಾಸಾಕಿಯ ಕೆ.ಎಕ್ಸ್. 500 ಯಂತ್ರದ್ದು 499 ಸಿ.ಸಿ. ಸುಮಾರು ನೂರು ಕಿಲೋ ಭಾರದ ದೇಹಕ್ಕೆ ಸುಮಾರು ಅರವತ್ತು ಕುದುರೆಗಳ ಬಲ. ನಮ್ಮ ಯೆಜ್ದಿಗೆ ಇದ್ದ ಬಲವು ಅದರ ಕಾಲುಭಾಗದಷ್ಟೆಂದರೆ ವಾಚಕರಿಗೆ ಅಂದಾಜಾದೀತು. ಭಾರತದಲ್ಲಿ ತಯಾರಾದ ದೊಡ್ಡ ಎರಡು ಹೊಡೆತದ ಗಾಡಿಯಾದ, 1983ರಲ್ಲಿ ಬಂದ ರಾಜದೂತ್ 350 ಕೂಡ 347 ಸಿ.ಸಿ.ಯಲ್ಲಿ ನಿಂತಿತು. ಅದನ್ನೇ ನಮ್ಮ ಜನ ಅತಿ ಎಂದರು. ಪೆಟ್ರೋಲಿನ ಹಸಿವಿಗೆ ಹೆದರಿ ಬಹುಪಾಲು ಮನೆಗಳು ಅದನ್ನು ದೂರವಿರಿಸಿದವು.

ಇಂತಹ ಬಲವು ಕೆಲವೇ ಸವಾರರ ಕೈಗೆ ಒಗ್ಗಿತು. ಹಿಡಿಯನ್ನು ತಿರುವಿದ ಮರುಕ್ಷಣವೇ ಶಕ್ತಿಯೆಲ್ಲ ಒಮ್ಮೆಲೇ ಸಿಡಿಯುವುದು. ಹಿಂದಿನ ಗಾಲಿ ಮಣ್ಣನ್ನು ತೂರುವುದು. ಮುಂದಿನ ಗಾಲಿ ಆಕಾಶಕ್ಕೇಳುವುದು. ಅರ್ಜುನರಿಗೆ ಅದು ಗಾಂಡೀವವಾಯಿತು. ಉತ್ತರಕುಮಾರರಿಗೆ, ಎಂದರೆ ವಾರವೆಲ್ಲ ದುಡಿದು ಭಾನುವಾರ ಪಂದ್ಯಕ್ಕೆ ಬರುವ ಸಾಧಾರಣ ಸವಾರರಿಗೆ, ಅದು ತೋಳನ್ನು ಸೋಲಿಸುವ ಸಂಕಟವಾಯಿತು. 250 ಸಿ.ಸಿ.ಯ ಯಂತ್ರದಲ್ಲಿ ಅದೇ ಸುತ್ತನ್ನು ಅವರು ಕಡಮೆ ದಣಿವಿನಿಂದ, ಹಲವು ಸಲ ಕಡಮೆ ಹೊತ್ತಿನಲ್ಲಿಯೇ ಮುಗಿಸಬಲ್ಲವರಾಗಿದ್ದರು. ಕೊಳ್ಳುವವರು ಕಡಮೆಯಾದಾಗ ಕಂಪನಿಗಳು ಆ ಯಂತ್ರಗಳನ್ನು ತಿದ್ದುವುದನ್ನು ಬಿಟ್ಟವು. ಅಮೆರಿಕದಲ್ಲಿ 500 ಸಿ.ಸಿ. ವರ್ಗದ ರಾಷ್ಟ್ರೀಯ ಪಂದ್ಯವು 1993ರ ಬಳಿಕ ನಡೆಯಲಿಲ್ಲ. ಅದೇ ವರ್ಷ ವಿಶ್ವ ಪಟ್ಟವನ್ನು ಬೆಲ್ಜಿಯಮ್ಮಿನ ಜಾಕಿ ಮಾರ್ಟೆನ್ಸನು ನಾಲ್ಕು ಹೊಡೆತದ ಹಸ್ಕ್ವಾರ್ನಾದ ಮೇಲೆ ಗೆದ್ದು, ಇಪ್ಪತ್ತೇಳು ವರ್ಷಗಳ ಸಾಲನ್ನು ಮುರಿದನು. 1996ರಲ್ಲಿ ನ್ಯೂಜಿಲೆಂಡಿನ ಶೇನ್ ಕಿಂಗನು ಕೆ.ಟಿ.ಎಂ. ಯಂತ್ರದಿಂದ ಗೆದ್ದುದೇ ಆ ವರ್ಗದಲ್ಲಿ ಎರಡು ಹೊಡೆತದ ಕಡೆಯ ಗೆಲವು.

ಬಳಿಕ ಬಂದುದು ಅಳತೆಗೋಲಿನ ಪೆಟ್ಟು. ಪಂದ್ಯದ ನಿಯಮವು 250 ಸಿ.ಸಿ.ಯ ಎರಡು ಹೊಡೆತದ ಯಂತ್ರದೊಡನೆ ಅದಕ್ಕಿಂತ ಬಹಳ ದೊಡ್ಡದಾದ ನಾಲ್ಕು ಹೊಡೆತದ ಯಂತ್ರವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಒಪ್ಪಿತು. ಕಡೆಗೆ ಆ ಅಳತೆ 450 ಸಿ.ಸಿ.ಯಲ್ಲಿ ನೆಲೆನಿಂತಿತು. ಪ್ರತಿ ಸುತ್ತಿಗೆ ಬಲ ಹುಟ್ಟುವ ಯಂತ್ರಕ್ಕೂ ಎರಡು ಸುತ್ತಿಗೊಮ್ಮೆ ಹುಟ್ಟುವ ಯಂತ್ರಕ್ಕೂ ಸಮಾನತೆ ತರುವುದು ನ್ಯಾಯವೆಂದು ನಿಯಮವನ್ನು ಮಾಡಿದವರ ವಾದ. 1997ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಡಗ್ ಹೆನ್ರಿಯು ಯಮಹಾದ ನಾಲ್ಕು ಹೊಡೆತದ 400 ಸಿ.ಸಿ. ಯಂತ್ರದಿಂದ ಗೆದ್ದಾಗ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಎಲ್ಲರಿಗೂ ಅರಿವಾಯಿತು. ಮರುವರ್ಷ ಅದರ ಮಾದರಿ ಅಂಗಡಿಗೆ ಬಂದಿತು. ಹೋಂಡಾ ತನ್ನ 500ನ್ನು 2001ರ ಮಾದರಿಯೊಂದಿಗೂ, ಕವಾಸಾಕಿ ತನ್ನದನ್ನು 2004ರ ಮಾದರಿಯೊಂದಿಗೂ ಕೊನೆಗಾಣಿಸಿದವು. ಗಾಳಿಯನ್ನು ಶುದ್ಧವಾಗಿಡಬೇಕೆಂಬ ಕಾನೂನುಗಳು ಬಿಗಿಯಾಗುತ್ತಿದ್ದ ಕಾಲವದು. ಕಂಪನಿಗಳಿಗೆ ಹೊಗೆಯ ಎಂಜಿನ್ನಿನ ಮೇಲೆ ಹಣವನ್ನು ಹೂಡುವ ಮನಸ್ಸಿರಲಿಲ್ಲ.

ಇಲ್ಲಿ ಸೋತುದು ಯಾರೆಂಬುದನ್ನು ತಿಳಿದುಕೊಳ್ಳಬೇಕು. ನಾಲ್ಕು ಹೊಡೆತದ ಯಂತ್ರವು ಓಡಿಸಲು ಸೌಮ್ಯ. ಆದರೆ ಅದರೊಳಗೆ ವಾಲ್ವು, ಕ್ಯಾಮು, ಸರಪಳಿಗಳ ಸಂಸಾರವೇ ಇದೆ. ಪಂದ್ಯದ ವೇಗದಲ್ಲಿ ಅದು ಕೆಟ್ಟರೆ ರಿಪೇರಿಯ ವೆಚ್ಚ ಹಲವು ಪಟ್ಟು. ಮನೆಯ ಹಿತ್ತಿಲಲ್ಲಿ ತಂದೆಯೂ ಮಗನೂ ಕೂಡಿ ಪಿಸ್ಟನ್ನನ್ನು ಬದಲಿಸಿ ಮರುದಿನ ಪಂದ್ಯಕ್ಕೆ ಹೋಗುತ್ತಿದ್ದ ಕಾಲ ಹೋಯಿತೆಂಬ ದೂರು ಪಶ್ಚಿಮದ ಮೋಟೋಕ್ರಾಸ್ ವಲಯಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದುದರಿಂದಲೇ ಇನ್ನೊಂದು ಸಂಗತಿಯೂ ಗಮನಾರ್ಹ. 500 ಅಳಿದರೂ ಚಿಕ್ಕ ಎರಡು ಹೊಡೆತದ ಯಂತ್ರಗಳು ಅಳಿದಿಲ್ಲ. ಯಮಹಾದ 125 ಮತ್ತು 250 ಸಿ.ಸಿ.ಯ ಮೋಟೋಕ್ರಾಸ್ ಯಂತ್ರಗಳು ಇಂದಿಗೂ ತಯಾರಾಗುತ್ತಿವೆ, ಕೊಳ್ಳುವವರೂ ಇದ್ದಾರೆ. ಸಾಧಾರಣ ಮನೆಯ ಕೈಗೆ ನಿಲುಕುವಷ್ಟು ಬಲವಿದ್ದುದು ಉಳಿಯಿತು. ಅದನ್ನು ಮೀರಿ ಬೆಳೆದುದು ಆಶ್ರಯವಿಲ್ಲದೆ ನಿಂತು, ನಿಯಮದ ಒಂದೇ ತಳ್ಳಿಗೆ ಬಿದ್ದಿತು.

ಕನ್ನಡ ನಾಡಿನ ಸವಾರರು ಜಗತ್ತಿನ ಕಣ್ಣಿಗೆ ಬಿದ್ದುದು ಈ ಬದಲಾವಣೆಯ ಬಳಿಕ. ಬೆಂಗಳೂರಿನ ಸಿ. ಎಸ್. ಸಂತೋಷರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಕೆ. ಪಿ. ಅರವಿಂದರೂ ಅದನ್ನು ಮುಗಿಸಿದರು. ಇಬ್ಬರೂ ಏರಿದುದು ನಾಲ್ಕು ಹೊಡೆತದ 450 ಸಿ.ಸಿ. ಯಂತ್ರಗಳನ್ನು.

ಹಿರೇಕೆರೂರು: ಕೊಬ್ಬರಿಯ ಸರ

ಹಾನಗಲ್ಲಿನಿಂದ ತಿಳವಳ್ಳಿಯ ಮೇಲೆ ತೆಂಕಣಕ್ಕೆ ನಡೆದರೆ ಹಿರೇಕೆರೂರಿನ ಸೀಮೆ. ಹೆಸರೇ ಹೇಳುವಂತೆ ಇದು ಕೆರೆಗಳ ನಾಡು. ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗ ಮಾಸೂರಿನ ಕೆರೆ ಈ ಸೀಮೆಯ ಹೆಮ್ಮೆ. ಏಕಾಂತದ ರಾಮಯ್ಯನ ಹೆಸರಿನೊಡನೆ ಕೂಡಿಕೊಂಡ ಅಬ್ಬಲೂರು ಇಲ್ಲಿಯದು. ಸರ್ವಜ್ಞನನ್ನು ತಮ್ಮವನೆನ್ನುವ ಹಳ್ಳಿಗಳೂ ಇಲ್ಲಿಯವು. ಮೆಕ್ಕೆಜೋಳ, ಹತ್ತಿ ಇಲ್ಲಿಯ ಬೆಳೆಗಳು.

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ. ತಿಂಗಳುಗಟ್ಟಲೆ ಮೇಯಿಸಿ, ಈಜಿಸಿ, ಓಡಿಸಿ ಪಳಗಿಸಿದ ಹೋರಿಗಳನ್ನು ಬಣ್ಣದ ಜೂಲು, ಬಲೂನು, ರಿಬ್ಬನ್ನುಗಳಿಂದ ಸಿಂಗರಿಸಿ, ಕೊರಳಿಗೆ ಒಣ ಕೊಬ್ಬರಿಯ ಸರವನ್ನು ಕಟ್ಟಿ, ಅಖಾಡಕ್ಕೆ ಒಂದೊಂದಾಗಿ ಬಿಡುತ್ತಾರೆ. ಎರಡೂ ಬದಿಗೆ ಜನದ ಗೋಡೆ. ನಡುವೆ ಓಡಿ ಬರುವ ಹೋರಿಯನ್ನು ಹಿಡಿದು ಕೊಬ್ಬರಿಯನ್ನು ಹರಿಯಲು ಗಟ್ಟಿಮುಟ್ಟಾದ ತರುಣರು ಮೇಲೆ ಬೀಳುತ್ತಾರೆ. ಸರವನ್ನು ಉಳಿಸಿಕೊಂಡು ಪಾರಾದರೆ ಹೋರಿಯ ಗೆಲವು. ಹರಿದವನಿಗೆ ಕೊಬ್ಬರಿಯೊಡನೆ ಊರೆಲ್ಲ ಹೆಸರು. ಹೋರಿಗಳಿಗೆ ವೀರರ, ಸಿನಿಮಾ ನಾಯಕರ ಹೆಸರುಗಳು. ಅವಕ್ಕೆ ಅಭಿಮಾನಿಗಳ ಬಳಗಗಳು. ಈ ಆಟದಲ್ಲಿ ಕೊಂಬಿನ ತಿವಿತಕ್ಕೆ, ಕಾಲ್ತುಳಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡವರೂ ಇದ್ದಾರೆ. ಹಬ್ಬದ ಮನೆಯಲ್ಲಿ ಅಳು ಕೇಳಿದ ವರ್ಷಗಳನ್ನು ಊರುಗಳು ಮರೆತಿಲ್ಲ.

ಇಲ್ಲಿಯೂ ನಿಯಮವು ಬಂದು ನಿಂತಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಹಾಗೂ ಎತ್ತಿನ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಪ್ರಾಣಿಹಿಂಸೆ ತಡೆಯ ಕಾನೂನಿಗೆ ತಿದ್ದುಪಡಿ ಮಾಡಿ ಕಂಬಳ ಹಾಗೂ ಎತ್ತಿನ ಓಟಗಳಿಗೆ ಷರತ್ತುಗಳೊಡನೆ ಎಡೆಗೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳ ಇಂತಹ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಮೋಟೋಕ್ರಾಸಿನ 500ಕ್ಕೆ ಯಾವ ಶಾಸನಸಭೆಯೂ ಹೀಗೆ ನೆರವಾಗಲಿಲ್ಲ. ಏಕೆ? ಅದರ ಹಿಂದೆ ಊರಿರಲಿಲ್ಲ. ಹೋರಿಯ ಹಿಂದೆ ಊರಿತ್ತು. ಅದನ್ನು ಸಾಕುವ ತಾಯಂದಿರಿದ್ದರು, ಮೈತೊಳೆಯುವ ಮಕ್ಕಳಿದ್ದರು, ಹಬ್ಬವಿತ್ತು.

ಆದರೆ ಈ ಮಾತಿನಿಂದ ಹೋರಿಯ ಅಭಿಮಾನಿಗಳು ನಿಶ್ಚಿಂತರಾಗುವಂತಿಲ್ಲ. ಈ ನಾಡಿನ ಹೊಲಗಳಲ್ಲಿ ಉಳುಮೆ ಈಗ ಬಹುಮಟ್ಟಿಗೆ ಟ್ರಾಕ್ಟರಿನ ಕೆಲಸ. ದುಡಿಯುವ ಎತ್ತಿನ ಜೋಡಿಯನ್ನು ಕಟ್ಟಿದ ಹಟ್ಟಿಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಹಿಂದೆ ಉಳುವ ಎತ್ತೇ ಹಬ್ಬದ ದಿನ ಓಡುವ ಹೋರಿಯಾಗಿದ್ದಿತು. ವರ್ಷದ ಮುನ್ನೂರು ದಿನ ದುಡಿದುದು ಕೆಲವು ದಿನ ಮೆರೆಯುತ್ತಿತ್ತು. ಇಂದು ಓಟಕ್ಕಾಗಿಯೇ ಸಾಕಿದ ಹೋರಿಗಳಿವೆ; ಹೆಸರಾದುವುಗಳ ಬೆಲೆ ಲಕ್ಷಗಳಲ್ಲಿ ಹೋಗುತ್ತದೆ. ಅದರ ಮೇವಿಗೂ ಆರೈಕೆಗೂ ಆಗುವ ವೆಚ್ಚವನ್ನು ಸಣ್ಣ ಹಿಡುವಳಿಯ ರೈತನು ಹೊರುವುದು ಕಷ್ಟ. ದುಡಿಮೆಯಿಂದ ಬೇರ್ಪಟ್ಟ ಬಲವು ದುಬಾರಿಯಾಗುತ್ತದೆ. ದುಬಾರಿಯಾದುದು ಕೆಲವರ ಕೈಗೆ ಸೇರುತ್ತದೆ. 500ರ ಕಥೆಯೂ ಇದೇ ಹಾದಿಯಲ್ಲಿ ಮೊದಲಾಯಿತು.

ಮೈಸೂರಿನ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ, ನಮ್ಮ ಊರುಗಳ ತರುಣರ ಮೆಚ್ಚಿನ ಯಮಹಾ ಆರ್.ಎಕ್ಸ್. 100 ಗಾಡಿಯ ತಯಾರಿಕೆಯೂ ನಿಂತಿತು. 1985ರಲ್ಲಿ ಬಂದು ಹನ್ನೊಂದು ವರ್ಷವೂ ತುಂಬದೆ ಹೋದ ಆ ಚಿಕ್ಕ ಎರಡು ಹೊಡೆತದ ಗಾಡಿಯನ್ನು ಇಂದಿಗೂ ಒರೆಸಿ, ತೊಳೆದು, ಹೊಸ ಪಿಸ್ಟನ್ನು ಹಾಕಿಸಿ ಇಟ್ಟುಕೊಂಡವರು ಹಳ್ಳಿ ಪಟ್ಟಣಗಳೆನ್ನದೆ ಇದ್ದಾರೆ. 2018ರಲ್ಲಿ ಜಾವಾ ಎಂಬ ಹೆಸರೂ, 2022ರಲ್ಲಿ ಯೆಜ್ದಿ ಎಂಬ ಹೆಸರೂ ಮಾರುಕಟ್ಟೆಗೆ ಮರಳಿ ಬಂದವು. ಹೆಸರು ಬಂದಿತು, ಹಳೆಯ ಸದ್ದು ಬರಲಿಲ್ಲ. ಹೊಸ ಯಂತ್ರಗಳು ನಾಲ್ಕು ಹೊಡೆತದವು. ಮಕ್ಕಳು ಉಸಿರಾಡುವ ಗಾಳಿಯ ದೃಷ್ಟಿಯಿಂದ ಅದು ಆಗಬೇಕಾದುದೇ. ಆದರೆ ಎರಡು ಹೊಡೆತದ ಯಂತ್ರದೊಡನೆ ಹೋದ ಇನ್ನೊಂದು ಗುಣವನ್ನು, ಎಂದರೆ ಊರ ಹುಡುಗನು ಬಿಚ್ಚಿ ತಾನೇ ಜೋಡಿಸಬಲ್ಲಷ್ಟು ಸರಳವಾಗಿರುವ ಗುಣವನ್ನು, ಹೊಗೆಯೊಡನೆ ಹೊರಗೆಸೆಯಬೇಕಾಗಿತ್ತೆ ಎಂಬ ಪ್ರಶ್ನೆಗೆ ಯಂತ್ರಶಿಲ್ಪಿಗಳು ಇನ್ನೂ ಉತ್ತರಿಸಬೇಕಾಗಿದೆ.

ಹಿರೇಕೆರೂರಿನ ಸೀಮೆಯಲ್ಲಿ ಹೋರಿಯ ಹಬ್ಬವನ್ನು ನೋಡಲು ಹೋಗುವವರು ಅಖಾಡದ ಪಕ್ಕದ ವೇದಿಕೆಯನ್ನೂ ಒಮ್ಮೆ ನೋಡಬೇಕು. ಗೆದ್ದ ಹೋರಿಗಳಿಗಾಗಿ ಬಂಗಾರದ ಉಂಗುರ, ಟೆಲಿವಿಷನ್ನು, ತಿಜೋರಿಗಳ ಸಾಲನ್ನಿಟ್ಟಿರುತ್ತಾರೆ. ದೊಡ್ಡ ಹಬ್ಬವಾದರೆ ಆ ಸಾಲಿನ ಮೊದಲಲ್ಲಿ, ಹೂವಿನ ಹಾರ ಹಾಕಿ ನಿಲ್ಲಿಸಿದ ಹೊಸ ಮೋಟಾರು ಸೈಕಲ್ಲೊಂದು ಇರುತ್ತದೆ. ಅದು ನಾಲ್ಕು ಹೊಡೆತದ್ದು; ಹೊಗೆಯಿಲ್ಲ, ಸದ್ದಿಲ್ಲ. ಕೊಬ್ಬರಿಯ ಸರವನ್ನು ಉಳಿಸಿಕೊಂಡ ಹೋರಿಯು ಅದನ್ನು ಗೆದ್ದು, ಅದರ ಕಡೆಗೆ ತಿರುಗಿಯೂ ನೋಡದೆ, ಯಜಮಾನನ ಹಿಂದೆ ಊರ ದಾರಿಯನ್ನು ಹಿಡಿಯುತ್ತದೆ. ಮನೆಯವರೊಬ್ಬರು ಮೋಟಾರು ಸೈಕಲ್ಲನ್ನು ಏರಿ ಹಿಂದಿನಿಂದ ನಿಧಾನವಾಗಿ ಬರುತ್ತಾರೆ.